ನೋವಿಲ್ಲದ ಗಂಟು, ಮತ್ತು ನಾನು ಕೇಳುವ ಪ್ರಶ್ನೆಗಳು

ಕ್ಯಾನ್ಸರ್ ಒಪಿಡಿಯಲ್ಲಿ ನಾನು ನರ್ಸ್. ಡಾಕ್ಟರ್ ನೋಡುವ ಮೊದಲು ಹೊಸ ರೋಗಿಗಳ ಹಿಸ್ಟರಿ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ನಾನ್-ಹಾಜ್ಕಿನ್ ಲಿಂಫೋಮಾ ಅಂದರೆ ಹೆಚ್ಚಾಗಿ ದುಗ್ಧರಸ ಗ್ರಂಥಿಗಳಲ್ಲಿ ಶುರುವಾಗುವ, ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್. ಅದರಲ್ಲಿ ಸರಿಯಾಗಿ ಕೇಳದಿದ್ದರೆ ಅರ್ಧ ಲಕ್ಷಣಗಳು ಹೊರಗೆ ಬರುವುದೇ ಇಲ್ಲ. ರೋಗಿ ಮುಚ್ಚಿಡುತ್ತಾರೆ ಅಂತಲ್ಲ. ಅದೂ ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ ಅಂತ ಅವರಿಗೆ ಅನಿಸಿರುವುದಿಲ್ಲ, ಅಷ್ಟೆ.

ಗಂಟಿನ ವಿಷಯವನ್ನೇ ತೆಗೆದುಕೊಳ್ಳಿ. ಕುತ್ತಿಗೆ, ಕಂಕುಳು, ತೊಡೆಸಂದು, ಹೆಚ್ಚಾಗಿ ಈ ಮೂರು ಜಾಗ. ‘ನೋವಿರಲಿಲ್ಲ, ಅದಕ್ಕೇ ಸುಮ್ನಿದ್ದೆ’ ಅನ್ನುವವರೇ ಜಾಸ್ತಿ. ಸೋಂಕಿನಿಂದ ಊದಿದ ಗ್ರಂಥಿ ಸಾಮಾನ್ಯವಾಗಿ ಮುಟ್ಟಿದರೆ ನೋಯುತ್ತದೆ, ಸೋಂಕು ಇಳಿದ ಮೇಲೆ ತಾನೂ ಇಳಿಯುತ್ತದೆ. ಲಿಂಫೋಮಾದ ಗಂಟು ಬಹಳ ಸಲ ನೋಯುವುದಿಲ್ಲ, ಒತ್ತಿದರೆ ಗಟ್ಟಿ ರಬ್ಬರ್ ಥರ ಇರುತ್ತದೆ. ಹಾಗಂತ ಕೈಗೆ ಸಿಕ್ಕ ಗಂಟೆಲ್ಲ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಕಾಲರ್ ಮೂಳೆಯ ಮೇಲೆ ಸಿಕ್ಕರೆ ಚಿಕ್ಕದಾದರೂ ಬಿಡಬಾರದು.

‘ಎಷ್ಟು ದಿನದಿಂದ ಇದೆ’ ಅಂತ ಕೇಳಿದರೆ ಸಾಲದು, ‘ನಡುವೆ ಚಿಕ್ಕದಾಗಿತ್ತಾ’ ಅಂತಲೂ ಕೇಳುತ್ತೇನೆ. ಫಾಲಿಕ್ಯುಲರ್ ಲಿಂಫೋಮಾದಂಥ ನಿಧಾನದ ಬಗೆಯಲ್ಲಿ ಗಂಟು ತಾನಾಗಿಯೇ ಕುಗ್ಗಿ ಮತ್ತೆ ಊದಬಹುದು, ಆಗ ನುಂಗುತ್ತಿದ್ದ ಆಂಟಿಬಯೋಟಿಕ್‌ಗೆ ಸುಮ್ನೆ ಹೆಸರು ಬಂದುಬಿಡುತ್ತದೆ. ವೇಗದ ಬಗೆಗಳು ವಾರಗಳಲ್ಲೇ ದೊಡ್ಡದಾಗುತ್ತವೆ. ಬರ್ಕಿಟ್ ಲಿಂಫೋಮಾ ಆದರೆ ದಿನಗಳ ಲೆಕ್ಕ.

ಇನ್ನು ‘ಬಿ ಲಕ್ಷಣ’ ಅಂತ ನಾವು ಕರೆಯುವ ಮೂರು: ಕಾರಣ ಗೊತ್ತಾಗದ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ರಾತ್ರಿ ಮೈ ತೋಯುವ ಬೆವರು, 6 ತಿಂಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ತೂಕ ಇಳಿಯುವುದು. ರಾತ್ರಿ ಬೆವರುತ್ತೀರಾ ಅಂದರೆ ಸೆಕೆಗಾಲದಲ್ಲಿ ಯಾರು ಇಲ್ಲ ಅನ್ನುತ್ತಾರೆ! ‘ಎದ್ದು ಬಟ್ಟೆ ಬದಲಿಸಬೇಕಾಯಿತಾ, ಹಾಸಿಗೆ ಒದ್ದೆಯಾಗಿತ್ತಾ’ ಅಂತ ಕೇಳಿ, ಉತ್ತರ ಬೇರೆಯೇ ಬರುತ್ತದೆ. ತೂಕ ಗೊತ್ತಿಲ್ಲ ಅನ್ನುವವರಿಗೆ ಬೆಲ್ಟಿನ ತೂತು ಗೊತ್ತಿರುತ್ತದೆ. 70 ಕೆ.ಜಿ. ಇದ್ದವರು ಡಯಟ್ ಮಾಡದೆ 7 ಕೆ.ಜಿ.ಗಿಂತ ಜಾಸ್ತಿ ಇಳಿದಿದ್ದರೆ ನಾನು ಅದನ್ನು ದೊಡ್ಡದಾಗಿ ಬರೆಯುತ್ತೇನೆ. ತೊಡಕು ಏನೆಂದರೆ ಈ ಮೂರೂ ಟಿಬಿಯಲ್ಲೂ ಬರುತ್ತವೆ, ಗಂಟೂ ಬರುತ್ತದೆ. ಇತ್ತ ಲಿಂಫೋಮಾ ಇರುವ ಎಷ್ಟೋ ಜನರಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ.

ಹೊರಗೆ ಗಂಟೇ ಕಾಣದ ಕೇಸುಗಳೂ ಇವೆ. ಸ್ವಲ್ಪ ತಿಂದರೂ ಹೊಟ್ಟೆ ತುಂಬಿತು ಅನ್ನುವವರಲ್ಲಿ ಸ್ಪ್ಲೀನ್ (ಗುಲ್ಮ) ಊದಿರಬಹುದು, ಅಥವಾ ಹೊಟ್ಟೆಯಲ್ಲೇ ಲಿಂಫೋಮಾ ಇರಬಹುದು. ರಕ್ತಕಣ ತಯಾರಾಗುವ ಬೋನ್ ಮ್ಯಾರೋಗೆ (ಮೂಳೆ ಮಜ್ಜೆಗೆ) ಹಬ್ಬಿದ್ದರೆ ಸುಸ್ತು, ಸುಮ್ನೆ ಮೂಡುವ ನೀಲಿ ಕಲೆ, ಮತ್ತೆ ಮತ್ತೆ ಸೋಂಕು. ಚರ್ಮ, ಮೆದುಳು, ವೃಷಣದಲ್ಲೂ ಇದು ಶುರುವಾಗಬಹುದು. ಮುಖ ಊದಿ, ಕುತ್ತಿಗೆಯ ನರ ಉಬ್ಬಿ, ಮಲಗಿದರೆ ಉಸಿರು ಕಟ್ಟುತ್ತದೆ ಅಂದರೆ ಮಾತ್ರ ನಾನು ಹಿಸ್ಟರಿ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕರೆಯುತ್ತೇನೆ. ಎದೆಯೊಳಗಿನ ಗಡ್ಡೆ ದೊಡ್ಡ ರಕ್ತನಾಳವನ್ನು ಒತ್ತುತ್ತಿರಬಹುದು, ಸರದಿ ಕಾಯಿಸುವ ವಿಷಯ ಅಲ್ಲ ಅದು.

‘ಬ್ಲಡ್ ರಿಪೋರ್ಟ್ ನಾರ್ಮಲ್ ಇದೆ’ ಅಂತ ನೆಮ್ಮದಿಯಾಗಿ ಬರುವವರಿಗೆ ಹೇಳುವುದು ಕಷ್ಟ, ಆದರೆ ಲಿಂಫೋಮಾ ಇದ್ದೂ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಟೆಸ್ಟ್, ನಾರ್ಮಲ್ ಬರಬಹುದು. ಸೂಜಿ ಚುಚ್ಚಿ ತೆಗೆದ ಕೆಲವೇ ಜೀವಕೋಶಗಳೂ ಬಹಳ ಸಲ ಸಾಲುವುದಿಲ್ಲ. ಗ್ರಂಥಿಯ ರಚನೆ ಹೇಗೆ ಕೆಟ್ಟಿದೆ ಅಂತ ನೋಡಬೇಕು, ಅದಕ್ಕೇ ಆದಷ್ಟು ಮಟ್ಟಿಗೆ ಇಡೀ ಗಂಟನ್ನೇ ತೆಗೆದು ಬಯಾಪ್ಸಿ (ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಡಿ ಪರೀಕ್ಷೆ) ಮಾಡುತ್ತಾರೆ.

ಕೊನೆಯ ಪ್ರಶ್ನೆ ಮಾತ್ರೆಗಳದ್ದು. ಚೀಟಿ, ಖಾಲಿ ಸ್ಟ್ರಿಪ್, ಏನಿದ್ದರೂ ತೋರಿಸಿ ಅನ್ನುತ್ತೇನೆ. ನಾನು ಹುಡುಕುವುದು ಸ್ಟೀರಾಯ್ಡ್. ಅದು ಲಿಂಫೋಮಾವನ್ನು ತಾತ್ಕಾಲಿಕವಾಗಿ ಕುಗ್ಗಿಸಿ ಬಯಾಪ್ಸಿಯ ಫಲಿತಾಂಶವನ್ನೇ ಗೊಂದಲ ಮಾಡಬಹುದು. ಹಾಗಂತ ದಿನಾ ತೆಗೆದುಕೊಳ್ಳುತ್ತಿರುವವರು ತಾವೇ ಥಟ್ಟನೆ ನಿಲ್ಲಿಸಬಾರದು, ಅದೂ ಅಪಾಯ. ಹೆಸರು, ಡೋಸ್, ಶುರು ಮಾಡಿದ ದಿನ ಹೇಳಿಬಿಡಿ, ಮುಂದಿನದು ಡಾಕ್ಟರ್ ನೋಡುತ್ತಾರೆ.