ಗಾಜಿನ ಕೆಳಗೆ 1909

ಅಕ್ಕನ ಮಗ ಪಿಟ್ಸ್‌ಬರ್ಗ್‌ನಲ್ಲಿ ಎಂ.ಎಸ್. ಮುಗಿಸಿದ. ಪದವಿ ಸಮಾರಂಭಕ್ಕೆ ಮನೆಯಿಂದ ಯಾರಾದರೂ ಹೋಗಬೇಕಿತ್ತು. ಅಕ್ಕನಿಗೆ ಮಂಡಿನೋವು, ಭಾವನಿಗೆ ವಿಮಾನ ಅಂದ್ರೆ ಭಯ. ಹಾಗಾಗಿ ನಾನು ಹೊರಟೆ.

ಮೊದಲೆರಡು ದಿನ ಸಮಾರಂಭ, ಫೋಟೋ, ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ, ಅಲ್ಲಿನ ಪುಳಿಯೋಗರೆ. ಮೂರನೇ ದಿನ ಅವನು, "ಮಾಮ, ಇನ್ನೇನು ನೋಡ್ಬೇಕು ಹೇಳಿ" ಅಂದ. "ಫೋರ್ಬ್ಸ್ ಫೀಲ್ಡ್" ಅಂದೆ. ಇಲ್ಲಿದ್ದ ಹಳೇ ಬೇಸ್‌ಬಾಲ್ ಮೈದಾನ ಅದು. ಅವನು ಆ ಹೆಸರನ್ನೇ ಕೇಳಿರಲಿಲ್ಲ!

ನನಗೆ ಹಳೇ ಸ್ಕೋರ್ ಓದೋ ಚಟ. ರಣಜಿ ಸ್ಕೋರ್‌ಕಾರ್ಡಿನಿಂದ ಶುರುವಾಗಿದ್ದು ಬೇಸ್‌ಬಾಲ್‌ವರೆಗೂ ಹೋಗಿದೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ 1909ರ ಸೀಸನ್ ನನಗೆ ಹೆಚ್ಚುಕಮ್ಮಿ ಬಾಯಿಪಾಠ. 110 ಗೆಲುವು, 42 ಸೋಲು. ಆ ವರ್ಷ ಶಿಕಾಗೋ ಕಬ್ಸ್ 104 ಪಂದ್ಯ ಗೆದ್ದೂ ಎರಡನೇ ಸ್ಥಾನ. ಪಾಪ ಅಲ್ವಾ?

ಬೆಳಿಗ್ಗೆ ಕ್ಲೆಮೆಂಟೆ ಸೇತುವೆ ಮೇಲೆ ನಡೆದುಕೊಂಡೇ ಅಲಿಗೇನಿ ನದಿ ದಾಟಿದೆವು. ಸೇತುವೆಗೆ ಅರಿಶಿನದ ಬಣ್ಣ. ಆಚೆ ದಡದಲ್ಲಿ ಈಗಿನ ಪಿಎನ್‌ಸಿ ಪಾರ್ಕ್ ಸ್ಟೇಡಿಯಂ. 1909ರ ಜೂನ್‌ವರೆಗೆ ಪೈರೇಟ್ಸ್ ಆಡುತ್ತಿದ್ದ ಎಕ್ಸ್‌ಪೊಸಿಷನ್ ಪಾರ್ಕ್ ಇದ್ದದ್ದೂ ಇದೇ ದಡದಲ್ಲಿ. ನದಿ ಉಕ್ಕಿದರೆ ಮೈದಾನಕ್ಕೇ ನೀರು ನುಗ್ಗುತ್ತಿತ್ತು.

ಸ್ಟೇಡಿಯಂ ಬಾಗಿಲಲ್ಲಿ ಹೋನಸ್ ವ್ಯಾಗ್ನರ್ ಬ್ಯಾಟ್ ಬೀಸಿ ನಿಂತಿದ್ದಾನೆ, ಕಂಚಿನಲ್ಲಿ. ಅವನು ಆಗಿನ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್, ತಂಡದ ಜೀವಾಳ. ಊರ ಪಕ್ಕದವನೇ, ಹುಡುಗನಾಗಿದ್ದಾಗ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಎದೆ ಅಗಲ, ಕೈ ಮೊರದಷ್ಟು, ಕಾಲು ಬಿಲ್ಲಿನಂತೆ ಬಾಗಿದ್ದವು. ನೋಡಿದರೆ ಓಡುವವನ ಮೈಕಟ್ಟಲ್ಲ. ಆದರೂ 1909ರಲ್ಲಿ .339 ಸರಾಸರಿಯೊಂದಿಗೆ (ಸಾವಿರ ಸಲ ಬ್ಯಾಟ್ ಹಿಡಿದರೆ 339 ಹಿಟ್ ಅನ್ನುವ ಲೆಕ್ಕ) ನ್ಯಾಷನಲ್ ಲೀಗಿಗೇ ಮೊದಲಿಗ. ಅವನ ಚಿತ್ರವಿದ್ದ ಆ ಕಾಲದ ಸಿಗರೇಟ್ ಪ್ಯಾಕಿನ ಕಾರ್ಡ್ ಒಂದು 2022ರಲ್ಲಿ 72 ಲಕ್ಷ ಡಾಲರ್‌ಗೂ ಮೀರಿ ಮಾರಾಟವಾಯಿತು. ಇದನ್ನು ಕೇಳಿದ ಮೇಲೆ ನಮ್ಮ ಹುಡುಗನಿಗೂ ಸ್ವಲ್ಪ ಆಸಕ್ತಿ ಬಂತು.

ಈ ಪ್ರತಿಮೆ ಮೊದಲು ಇದ್ದದ್ದು ಫೋರ್ಬ್ಸ್ ಫೀಲ್ಡ್ ಪಕ್ಕದ ಪಾರ್ಕಿನಲ್ಲಿ. 1955ರಲ್ಲಿ ನಿಲ್ಲಿಸಿದಾಗ ವ್ಯಾಗ್ನರ್ ಇನ್ನೂ ಬದುಕಿದ್ದ. ತಂಡ ಹೊಸ ಸ್ಟೇಡಿಯಂಗೆ ಹೋದಾಗ ಇದೂ ಹೋಯಿತು. ಅದನ್ನೂ ಬಿಟ್ಟು ಇಲ್ಲಿಗೆ ಬಂದಾಗ ಇದೂ ಬಂತು. ಒಂಥರಾ ಉತ್ಸವಮೂರ್ತಿ.

ಅಲ್ಲಿಂದ ಓಕ್‌ಲ್ಯಾಂಡ್‌ಗೆ ಬಸ್ಸು. ಇಳಿಯಬೇಕಾದ ಕಡೆ ಮಾತಿನಲ್ಲಿ ಮೈಮರೆತು ಎರಡು ಸ್ಟಾಪ್ ಮುಂದೆ ಹೋದೆವು. ಮಳೆ ಬೇರೆ. ಕೊಡೆ ಸೋದರಳಿಯನ ರೂಮಿನಲ್ಲಿತ್ತು.

ನೆನೆದುಕೊಂಡು ನಡೆಯುವಾಗ ಅವನಿಗೆ ಬಾರ್ನಿ ಡ್ರೈಫಸ್ ಕಥೆ ಹೇಳಿದೆ. ಜರ್ಮನಿಯಿಂದ ಹುಡುಗನಾಗಿದ್ದಾಗಲೇ ಬಂದು, ಕೆಂಟಕಿಯಲ್ಲಿ ಸಾರಾಯಿ ಕಂಪನಿಯ ಲೆಕ್ಕ ಬರೆದು, ಕೊನೆಗೆ ತಂಡದ ಮಾಲೀಕನಾದವನು. ಊರ ನಡುವಿಂದ ದೂರ, ಈ ಓಕ್‌ಲ್ಯಾಂಡ್‌ನಲ್ಲಿ ಜಾಗ ಕೊಂಡು, ಉಕ್ಕು ಮತ್ತು ಕಾಂಕ್ರೀಟಿನಲ್ಲಿ ಫೋರ್ಬ್ಸ್ ಫೀಲ್ಡ್ ಕಟ್ಟಿಸಲು ಹೊರಟ. ಆಗ ಬೇಸ್‌ಬಾಲ್ ಮೈದಾನ ಅಂದರೆ ಮರದ್ದು. ಬೆಂಕಿ ಬಿದ್ದರೆ ಮುಗೀತು. ಅಷ್ಟು ದೂರ ಯಾರು ಬರ್ತಾರೆ ಅಂತ ಜನ ನಕ್ಕರು, 'ಡ್ರೈಫಸ್‌ನ ಹುಚ್ಚಾಟ' ಅಂದರು. ಮಾರ್ಚಿನಲ್ಲಿ ಶುರುವಾದ ಕೆಲಸ ನಾಲ್ಕೇ ತಿಂಗಳಲ್ಲಿ ಮುಗಿಯಿತು. ನಮ್ಮೂರಲ್ಲಿ ಒಂದು ಚರಂಡಿಯೂ ಆ ವೇಗದಲ್ಲಿ ಆಗಲ್ಲ. ಜೂನ್ 30ರಂದು ಮೊದಲ ಪಂದ್ಯ, ಬಂದವರು 30,338 ಜನ. ಪೈರೇಟ್ಸ್ ಅದೇ ಕಬ್ಸ್ ಎದುರು 3-2ರಿಂದ ಸೋತರು ಅನ್ನೋದು ಬೇರೆ ಮಾತು.

ಕೊನೆಗೆ ಆ ಮೈದಾನದ ಉಳಿದ ಗೋಡೆ ಸಿಕ್ಕಿತು. ಕೆಂಪು ಇಟ್ಟಿಗೆ, ಮೇಲೆ ಹಬ್ಬಿದ ಬಳ್ಳಿ, ಬಿಳಿ ಬಣ್ಣದಲ್ಲಿ 457 ಅನ್ನುವ ಅಂಕಿ. ಬ್ಯಾಟ್ ಮಾಡುವವನು ನಿಲ್ಲುವ ಹೋಮ್ ಪ್ಲೇಟಿನಿಂದ ಇಲ್ಲಿಗೆ ಅಷ್ಟು ಅಡಿ ದೂರ. ಅಬ್ಬಾ! ಚಿನ್ನಸ್ವಾಮಿಯಲ್ಲಿ ಅದರ ಅರ್ಧಕ್ಕೇ ಸಿಕ್ಸರ್. ಅಗ್ಗದ ಹೋಮ್ ರನ್ ಕಂಡರೆ ಡ್ರೈಫಸ್‌ಗೆ ಆಗುತ್ತಿರಲಿಲ್ಲ, ಅದಕ್ಕೇ ಮೈದಾನ ಇಷ್ಟು ದೊಡ್ಡದು.

ಪೈರೇಟ್ಸ್ ಟೋಪಿ ಹಾಕಿದ್ದ ಅಜ್ಜ ಒಬ್ಬರು ಅಲ್ಲೇ ನಿಂತಿದ್ದರು. ನಮ್ಮನ್ನು ನೋಡಿದ್ದೇ ತಡ, 1960 ಶುರು. ಆ ವರ್ಷದ ಅಕ್ಟೋಬರ್ 13ರಂದು ಪೈರೇಟ್ಸ್‌ನ ಬಿಲ್ ಮ್ಯಾಜರಾಸ್ಕಿ ಕೊನೇ ಇನಿಂಗ್ಸಿನಲ್ಲಿ ಹೊಡೆದ ಚೆಂಡು ಎಡಗಡೆಯ, ಈಗ ಇಲ್ಲಿಲ್ಲದ ಗೋಡೆ ದಾಟಿ ಹೋಗಿ ನ್ಯೂಯಾರ್ಕ್ ಯಾಂಕೀಸ್ ಸೋತ ಕಥೆ. ಪ್ರತಿ ವರ್ಷ ಅದೇ ದಿನ ಜನ ಇಲ್ಲಿ ಸೇರಿ ಆ ಪಂದ್ಯದ ರೇಡಿಯೋ ಕಾಮೆಂಟರಿಯನ್ನು ಮೊದಲಿನಿಂದ ಕೇಳುತ್ತಾರೆ. ನಾನು 1909 ಅಂದೆ. ಅಜ್ಜ ನಕ್ಕು, "ಅದು ನಮ್ಮ ತಾತನಿಗೆ ಗೊತ್ತಿತ್ತು" ಅಂದುಬಿಟ್ಟರು. ಅವರ ತಪ್ಪಲ್ಲ. ಈ ಇಟ್ಟಿಗೆ ಗೋಡೆ ಕೂಡ 1946ರದ್ದು. ನನ್ನ 1909ರ ಗುರುತು ಇಲ್ಲಿ ಒಂದೂ ಇಲ್ಲ. ಪಕ್ಕದ ಕಾರ್ನೆಗಿ ಲೈಬ್ರರಿಯೊಂದೇ ಆ ಜನವನ್ನು ಕಂಡಿದ್ದು.

"ಹೋಮ್ ಪ್ಲೇಟ್ ಇನ್ನೂ ಇದೆಯಂತಲ್ಲ, ಮೈದಾನದ ಜಾಗದಲ್ಲಿ ಕಟ್ಟಿದ ಪೋಸ್ವರ್ ಹಾಲ್‌ನಲ್ಲಿ?" ಅಂದೆ. ಸೋದರಳಿಯ ನಿಂತುಬಿಟ್ಟ. "ಪೋಸ್ವರ್ರಾ? ಅಲ್ಲೇ ಮಾಮ ನನಗೆ ಕ್ಲಾಸ್ ಇದ್ದಿದ್ದು!"

ಒಳಗೆ ಓಡಾಡುವ ಜಾಗದಲ್ಲೇ, ನೆಲಕ್ಕೆ ಕೂರಿಸಿದ ಗಾಜು. ಅದರ ಕೆಳಗೆ ಐದು ಮೂಲೆಯ ಬಿಳಿ ಹಲಗೆ. ಮೇಲೆಲ್ಲ ಬೂಟಿನ ಗೀರು, ಆ ದಿನದ ಕೆಸರು. ಕೂತು ಕರ್ಚೀಫಿನಿಂದ ಒರೆಸಿದೆ. ಇದು ಮೈದಾನದ ಕೊನೆಗಾಲದ ಪ್ಲೇಟ್, ಮೂಲ ಜಾಗದಿಂದ ಸ್ವಲ್ಪ ಆಚೀಚೆ ಆಗಿದೆ ಅಂತಲೂ ಹೇಳುತ್ತಾರೆ. ಇರಲಿ ಬಿಡಿ. ಎರಡು ವರ್ಷ ಇದರ ಮೇಲೆ ತುಳಿದು ಹೋಗಿದ್ದ ನಮ್ಮ ಹುಡುಗ ಈಗ ಬಗ್ಗಿ ನೋಡುತ್ತಿದ್ದ.

ಅವನಿಗೆ ಬೇಬ್ ಆ್ಯಡಮ್ಸ್ ಕಥೆ ಅಲ್ಲೇ ಹೇಳಿದೆ. 1909ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಸೀಸನ್ ಕೊನೆಯ ಫೈನಲ್ ಸರಣಿಯಲ್ಲಿ, ಎದುರಾಳಿ ಡೆಟ್ರಾಯಿಟ್ ಟೈಗರ್ಸ್, ಅಂದರೆ .377 ಸರಾಸರಿಯ ಟೈ ಕಾಬ್. ಪೈರೇಟ್ಸ್ ಪಿಚರ್‌ಗಳಲ್ಲಿ, ಅಂದರೆ ಚೆಂಡು ಎಸೆಯುವವರಲ್ಲಿ, ಆ ಸೀಸನ್ 25 ಪಂದ್ಯ ಗೆದ್ದ ಕ್ಯಾಮ್ನಿಟ್ಜ್ ಇದ್ದ, ಆದರೆ ಮೈಗೆ ಹುಷಾರಿರಲಿಲ್ಲ. 22 ಗೆದ್ದ ವಿಲ್ಲಿಸ್ ಇದ್ದ, 19 ಗೆದ್ದ ಲೀಫೀಲ್ಡ್ ಇದ್ದ. ಆಟಗಾರನೂ ಮ್ಯಾನೇಜರೂ ಆಗಿದ್ದ ಫ್ರೆಡ್ ಕ್ಲಾರ್ಕ್ ಇವರನ್ನೆಲ್ಲ ಬಿಟ್ಟು, ಬರೀ 12 ಗೆಲುವಿನ ಹೊಸಬ ಆ್ಯಡಮ್ಸ್ ಕೈಗೆ ಚೆಂಡು ಕೊಟ್ಟ. ಅಕ್ಟೋಬರ್ 8, ಇದೇ ಮೈದಾನ, ಪೈರೇಟ್ಸ್‌ಗೆ 4-1. ಐದನೇ ಪಂದ್ಯವೂ ಆ್ಯಡಮ್ಸ್‌ನದೇ, 8-4. ಸರಣಿ 3-3 ಆಗಿ ಅಕ್ಟೋಬರ್ 16ಕ್ಕೆ ಡೆಟ್ರಾಯಿಟ್‌ನಲ್ಲಿ ಏಳನೇ ಪಂದ್ಯ. ಆ್ಯಡಮ್ಸ್ ಒಂದೂ ರನ್ ಕೊಡಲಿಲ್ಲ. 8-0.

ಕಾಬ್ ಇಡೀ ಸರಣಿಯಲ್ಲಿ .231. ಓಡಿಬರುತ್ತಾ ಬೈದ ಅವನ ಬಾಯಿಗೆ ವ್ಯಾಗ್ನರ್ ಚೆಂಡಿನಿಂದ ಬಾರಿಸಿದ ಅಂತ ಒಂದು ಕಥೆ ಇದೆ. ಕೇಳೋಕೆ ಮಜಾ, ನಂಬೋಕೆ ನನಗೆ ಧೈರ್ಯವಿಲ್ಲ.

"ಬೌಲರ್ ಎಷ್ಟು ದೂರದಿಂದ ಎಸೀತಾನೆ ಮಾಮ?" ಅಂದ. ಅರವತ್ತು ಅಡಿ ಆರು ಇಂಚು. ನಮ್ಮ ಪಿಚ್‌ಗಿಂತ ಐದೂವರೆ ಅಡಿ ಕಡಿಮೆ. ಹೆಜ್ಜೆ ಎಣಿಸಿಕೊಂಡು ಅಷ್ಟು ದೂರ ಹೋಗಿ ನಿಂತೆ. ಅವನು ಬ್ಯಾಗನ್ನೇ ಬ್ಯಾಟ್ ಮಾಡಿಕೊಂಡು ಗಾಜಿನ ಪಕ್ಕ ನಿಂತ. ನಾನು ಕೈ ತಿರುಗಿಸಿ ಎಸೆಯುವಷ್ಟರಲ್ಲಿ ಬ್ಯಾಗ್ ಕೆಳಗಿಳಿಸಿ ಪಿಸುಗುಟ್ಟಿದ:

"ಮಾಮ, ಸುಮ್ನಿರಿ. ನಮ್ಮ ಪ್ರೊಫೆಸರ್ ಬರ್ತಿದ್ದಾರೆ."