ಯಾಕ್ ಬಿಟ್ಟು ಬಂದ್ರು?

ಮೈಸೂರಿನಿಂದ ಬೈಲಕುಪ್ಪೆಯ ಟಿಬೆಟಿನವರ ಕ್ಯಾಂಪಿಗೆ ಬಾಡಿಗೆ ಕಾರು ಓಡಿಸಲು ಶುರು ಮಾಡಿ ಹದಿನಾಲ್ಕು ವರ್ಷವಾಯಿತು. ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು, ಸ್ವೆಟರ್ ಕೊಂಡು ವಾಪಸ್ ಹೊರಟರೆ ಪಿರಿಯಾಪಟ್ಟಣ ದಾಟುವುದರೊಳಗೆ ಹಿಂದಿನ ಸೀಟಿನಿಂದ ಆ ಪ್ರಶ್ನೆ ಬಂದೇ ಬರುತ್ತದೆ. ‘ಅಲ್ಲಪ್ಪಾ, ಇವರೆಲ್ಲ ಯಾಕ್ ದೇಶ ಬಿಟ್ಟು ಬಂದ್ರು? ಅಲ್ಲೇ ಇರೋಕೆ ಏನ್ ರೋಗ?’

ಮೊದಮೊದಲು ‘ಚೀನಾದವರ ಕಾಟ ಸಾರ್’ ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದೆ. ಆಮೇಲೆ ಟಿವಿಯಲ್ಲಿ ಸಿರಿಯಾ ಬಂತು, ರೋಹಿಂಗ್ಯಾ ಬಂದರು, ಉಕ್ರೇನ್ ಬಂತು. ಪ್ರಶ್ನೆ ದೊಡ್ಡದಾಯಿತು, ಧಾಟಿ ಮಾತ್ರ ಅದೇ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡುತ್ತೇನೆ. ಹುಣಸೂರು ರೋಡಲ್ಲಿ ಲಾರಿಗಳನ್ನು ನೋಡಿಕೊಂಡು ಓಡಿಸುವುದೇ ನನಗೆ ಸಾಕಾಗಿದೆ.

ರೋಗ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಸ್ವಾಮಿ, ನೀವು ಬಾಡಿಗೆ ಮನೆ ಬದಲಾಯಿಸಲು ಆಷಾಢ ಕಳೀಲಿ ಅಂತ ಕಾಯುತ್ತೀರಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸದೆ ಚಾಪೆ ಹಾಸುವುದಿಲ್ಲ. ದೇಶ ಬಿಡುವವರು ಸುಮ್ನೆ ಬಿಡುತ್ತಾರಾ?

ಒಬ್ಬರು ಅಂದರು, ‘ಬರ ಬಂದ್ರೆ ನಾವೂ ಊರು ಬಿಡ್ತೀವಿ, ಅದಕ್ಕೇನೀಗ?’ ನಿಜ. ಮಳೆ ಕೈಕೊಟ್ಟರೆ ಮಂಡ್ಯದ ಹುಡುಗ ಬೆಂಗಳೂರಿನ ಬಸ್ ಹತ್ತುತ್ತಾನೆ. ನಾಲೆಗೆ ನೀರು ಬಿಟ್ಟರೆ ನಾಟಿಗೆ ವಾಪಸ್ ಬರುತ್ತಾನೆ. ಸಿರಿಯಾದಲ್ಲೂ 2006ರಿಂದ ನಾಲ್ಕೈದು ವರ್ಷ ಬರ ಇತ್ತು. ಕುರಿಗಳು ಸತ್ತವು, ಜನ ಪಟ್ಟಣಗಳ ಅಂಚಿಗೆ ಬಂದು ಬಿದ್ದರು. 2011ರಲ್ಲಿ ದರಾ ಅನ್ನುವ ಊರಲ್ಲಿ ಹುಡುಗರು ಶಾಲೆ ಗೋಡೆ ಮೇಲೆ ಸರ್ಕಾರದ ವಿರುದ್ಧ ಬರೆದರು. ಪೊಲೀಸರು ಎತ್ತಿಕೊಂಡು ಹೋಗಿ ಹಿಂಸೆ ಕೊಟ್ಟರು. ಮನೆಯವರು ಬೀದಿಗಿಳಿದರು, ಗುಂಡು ಹಾರಿತು. ಮುಂದೆ ಅದೇ ಯುದ್ಧವಾಗಿ ದೇಶದ ಅರ್ಧಕ್ಕಿಂತ ಜಾಸ್ತಿ ಜನ ಮನೆ ಬಿಟ್ಟರು. ಬಂದೂಕು ಬಂದ ಮೇಲೆ ನಾಟಿಗೆ ವಾಪಸ್ ಬರುವ ಬಸ್ ಇರುವುದಿಲ್ಲ.

ರೋಹಿಂಗ್ಯಾಗಳದ್ದು ಕಾಗದದಿಂದ ಶುರು. ಆಧಾರ್‌ನಲ್ಲಿ ಒಂದು ಅಕ್ಷರ ತಪ್ಪಾದರೆ ನಾವು ನಾಲ್ಕು ದಿನ ಕೆಲಸ ಬಿಟ್ಟು ಅಲೆಯುತ್ತೇವೆ. ಮ್ಯಾನ್ಮಾರ್ 1982ರಲ್ಲಿ ತಂದ ಪೌರತ್ವ ಕಾನೂನಿನಲ್ಲಿ ಅವರ ಇಡೀ ಜನಾಂಗಕ್ಕೇ ಜಾಗ ಇರಲಿಲ್ಲ. ಕಾಗದದಲ್ಲಿ ಇಲ್ಲದವನ ಮನೆ ಸುಟ್ಟರೆ ಯಾವ ಠಾಣೆಗೆ ಹೋಗಬೇಕು? 2017ರ ಆಗಸ್ಟ್‌ನಲ್ಲಿ ಸೈನ್ಯ ನುಗ್ಗಿತು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು.

ಇನ್ನು ಸುಡಾನ್. ಅದನ್ನು ಹೇಳಲು ನಾನು ಟಿವಿ ನೋಡಬೇಕಾಗಿಲ್ಲ, ನಮ್ಮ ದಾರಿಯಲ್ಲೇ ಇದೆ. ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನ ಎಣ್ಣೆ, ನಾಟಿ ಔಷಧಿ ಮಾರಲು ಅಲ್ಲಿಗೆ ಹೋಗಿದ್ದರು. 2023ರ ಏಪ್ರಿಲ್‌ನಲ್ಲಿ ಇಬ್ಬರು ಸೇನಾ ನಾಯಕರು ಜಗಳಕ್ಕೆ ಬಿದ್ದರು. 2021ರಲ್ಲಿ ಇಬ್ಬರೂ ಸೇರಿಕೊಂಡೇ ಅಧಿಕಾರ ಕಿತ್ತುಕೊಂಡಿದ್ದರು! ಅನ್ನ ನೀರಿಲ್ಲದೆ ಸಿಕ್ಕಿಬಿದ್ದ ನಮ್ಮವರನ್ನು ಸರ್ಕಾರ ‘ಆಪರೇಷನ್ ಕಾವೇರಿ’ ಅಂತ ಹೆಸರಿಟ್ಟು ಕರೆತಂದಿತು. ಆಗ ಯಾರೂ ‘ಅಲ್ಲೇ ಇರೋಕೆ ಏನ್ ರೋಗ’ ಅನ್ನಲಿಲ್ಲ. ಹುಣಸೂರಿನವರಿಗೆ ವಾಪಸ್ ಬರಲು ಹುಣಸೂರು ಇತ್ತು. ಸುಡಾನಿನವರಿಗೆ ಅದೇ ಊರು. 2024ರ ಕೊನೆಗೆ ಅಲ್ಲಿ ಮನೆ ಬಿಟ್ಟವರು 1.4 ಕೋಟಿ.

‘ಎಲ್ಲಾ ಅಮೆರಿಕ, ಯುರೋಪಿಗೆ ನುಗ್ತಾರೆ’ ಅನ್ನುವವರಿಗೆ ಒಂದು ಲೆಕ್ಕ. ವಿಶ್ವಸಂಸ್ಥೆಯ ಪ್ರಕಾರ 2024ರ ಕೊನೆಗೆ ಹೀಗೆ ಮನೆ ಬಿಟ್ಟವರು 12.32 ಕೋಟಿ. ಎರಡು ಕರ್ನಾಟಕ ಅಂದುಕೊಳ್ಳಿ. ಅದರಲ್ಲಿ 7.35 ಕೋಟಿ ಜನ ತಮ್ಮ ದೇಶದೊಳಗೇ ಎಲ್ಲೋ ಬಿದ್ದಿದ್ದರು. ಗಡಿ ದಾಟಿದವರಲ್ಲೂ ಜಾಸ್ತಿ ಜನ ಪಕ್ಕದ ದೇಶದಲ್ಲೇ ನಿಂತಿದ್ದಾರೆ.

ಇಷ್ಟು ವರ್ಷದಲ್ಲಿ ಒಬ್ಬರು ಮಾತ್ರ ಸರಿಯಾಗಿ ಕೇಳಿದ್ದಾರೆ. ಹೋದ ಜನವರಿಯಲ್ಲಿ ಕರೆದುಕೊಂಡು ಹೋಗಿದ್ದ ಮದ್ದೂರು ಕಡೆಯ ಯಜಮಾನರು. ಕ್ಯಾಂಪಿನಲ್ಲಿ ನನಗೆ ಪರಿಚಯದ ಟಿಬೆಟಿನ ತಾತ ಒಬ್ಬರು ಜೋಳ ಒಣಗಿಸುತ್ತಾ ಕೂತಿದ್ದರು. 1959ರಲ್ಲಿ ಲಾಸಾದಲ್ಲಿ ಜನ ದಂಗೆ ಎದ್ದು, ಚೀನಾ ಸೈನ್ಯ ಅದನ್ನು ಹೊಸಕಿ, ದಲೈ ಲಾಮಾ ಗಡಿ ದಾಟಿದ ಹೊತ್ತಿನಲ್ಲಿ ತಾತನಿಗೆ ಹನ್ನೊಂದು ವರ್ಷ. ಆಮೇಲೆ ಮೈಸೂರು ರಾಜ್ಯ ಕೊಟ್ಟ ಕಾಡು ಕಡಿದು, ಆನೆಗಳ ಜೊತೆ ಗುದ್ದಾಡಿ ಬೇಸಾಯ ಮಾಡಿದವರು. ಕನ್ನಡ ಚೆನ್ನಾಗಿ ಬರುತ್ತದೆ.

ಯಜಮಾನರು ನೇರವಾಗಿ ಕೇಳಿಯೇ ಬಿಟ್ಟರು. ‘ಯಾಕ್ ಬುಟ್ ಬಂದ್ರಿ?’

ತಾತ ತಲೆ ಆಡಿಸಿದರು. ‘ಹೂಂ. ಯಾಕ್ ಬಿಟ್ಟು ಬಂದ್ವಿ.’

‘ಅದೇ ನಾನ್ ಕೇಳ್ತಿರೋದು, ಯಾಕ್ ಬುಟ್ ಬಂದ್ರಿ ಅಂತ!’

ನಾನು ನಡುವೆ ಬಾಯಿ ಹಾಕಿದೆ. ‘ಅಣ್ಣಾ, ಯಾಕ್ ಅಂದ್ರೆ ಅವರ ಕಡೆ ದನ. ಮೈತುಂಬಾ ಕೂದ್ಲು.’

‘ಅಪ್ಪ ರಾತ್ರಿ ಹಗ್ಗ ಬಿಚ್ಚಿಬಿಟ್ಟ’ ಅಂದರು ತಾತ. ‘ಕಟ್ಟಿ ಬಂದ್ರೆ ನಿಂತಲ್ಲೇ ಸಾಯ್ತಾವಲ್ಲ. ಸ್ವಲ್ಪ ದೂರ ನಮ್ಮ ಹಿಂದೇನೇ ಬಂದ್ವು.’

ಯಜಮಾನರು ತಾತನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ‘ಎಷ್ಟಿದ್ದೋ?’

‘ಹನ್ನೆರಡು.’

‘ಕರೆಯೋವು?’

‘ನಾಲ್ಕು. ಒಂದು ಗಬ್ಬ ಇತ್ತು.’

‘ಗಬ್ಬದ್ದ ಬುಟ್ ಬಂದ್ರಾ?’

ತಾತ ಜೋಳ ಕೈಯಾಡಿಸಿದರು. ನಾವು ಎದ್ದು ಬಂದೆವು. ಪಿರಿಯಾಪಟ್ಟಣ ದಾಟಿತು, ಹುಣಸೂರು ದಾಟಿತು, ಹಿಂದಿನ ಸೀಟಿನಿಂದ ಒಂದು ಮಾತಿಲ್ಲ. ಇಲವಾಲದ ಹತ್ತಿರ ಯಜಮಾನರು ಮುಂದಕ್ಕೆ ಬಗ್ಗಿ ನನ್ನ ಭುಜ ತಟ್ಟಿದರು.

‘ಎಷ್ಟ್ ತಿಂಗ್ಳಾಗಿತ್ತು ಅಂತ ಕೇಳ್ಬೇಕಿತ್ತು ಕಣಪ್ಪ.’