ಹಲಗೆಯ ಮೇಲಿದ್ದ ಹೆಸರುಗಳು

ಹಳೇ ಸಾಮಾನಿನ ಅಂಗಡಿಗೆ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಹಾಸನದ ಕಡೆ ಒಂದು ತೊಟ್ಟಿಮನೆ ಕೆಡವುತ್ತಿದ್ದರು. ಕಂಬ, ಬಾಗಿಲು, ತೊಟ್ಟಿಲು ಎಲ್ಲ ಆಗಲೇ ಬೇರೆಯವರ ಪಾಲಾಗಿದ್ದವು. ನಮಗೆ ಉಳಿದದ್ದು ಗೋಡೆ ಮೇಲಿದ್ದ ಹದಿನೆಂಟು ಫೋಟೋ. ಫ್ರೇಮುಗಳಿಗೆ ಗೆದ್ದಲು ಹಿಡಿದಿತ್ತು. "ಫೋಟೋ ಮಾತ್ರ ಬಿಚ್ಚಿಕೊಂಡು ಬಾ, ಕಸ ಯಾಕೆ ಹೊತ್ಕೊಂಡು ಬರ್ತೀಯ" ಅಂದಿದ್ದರು ನಮ್ಮ ಯಜಮಾನರು. ಜಗಲಿ ಮೇಲೆ ಕೂತು ಎಲ್ಲವನ್ನೂ ಬಿಚ್ಚಿದೆ. ಫ್ರೇಮಿನ ಹಿಂದಿನ ಹಲಗೆಗಳನ್ನು ಅಂಗಳದಲ್ಲೇ ಬಿಟ್ಟು ಬಂದೆ. ಸಂಜೆ ಹೊತ್ತಿಗೆ ಅವು ಬಚ್ಚಲ ಒಲೆ ಸೇರಿದ್ದವಂತೆ.

ಮೂರು ವಾರ ಆದಮೇಲೆ ಆ ಮನೆಯ ಹಿರಿಮಗಳು ಅಂಗಡಿಗೆ ಬಂದರು. ಅರವತ್ತು ದಾಟಿದವರು. ಮನೆ ಖಾಲಿ ಮಾಡಿದಾಗ ಅವರು ಊರಲ್ಲಿ ಇರಲಿಲ್ಲ. ಹದಿನೆಂಟೂ ಫೋಟೋ ಮೇಜಿನ ಮೇಲೆ ಹರಡಿಟ್ಟೆ. ಅವರು ಒಂದೊಂದನ್ನೇ ಎತ್ತಿ ಮಗುಚಿ ನೋಡಿದರು.

"ಹಿಂದಿನ ಹಲಗೆ ಎಲ್ಲಿ ತಮ್ಮಾ?"

"ಗೆದ್ದಲು ತಿಂದಿತ್ತಮ್ಮ. ಅಲ್ಲೇ ಬಿಟ್ಟು ಬಂದೆ."

"ನಮ್ಮ ತಾತ ಪ್ರತಿ ಹಲಗೆ ಮೇಲೂ ಬರೆದಿಟ್ಟಿದ್ರು. ಇವರು ಯಾರು, ಯಾರ ಮಗ, ಯಾವ ಊರಿಗೆ ಕೊಟ್ಟಿದ್ದು ಅಂತ. ಫೋಟೋಗೆ ನಮ್ಮ ಹತ್ರ ಕಾಪಿ ಇದೆ ಕಣಪ್ಪ. ಅದು ಬೇಕಿತ್ತು ನಂಗೆ."

ಬೈಯಲಿಲ್ಲ. ನೀರು ಕೊಟ್ಟೆ, ಕುಡಿದರು. ಆಮೇಲೆ ತಮಗೆ ನೆನಪಿದ್ದಷ್ಟು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಹದಿನೆಂಟರಲ್ಲಿ ಏಳು ಫೋಟೋಕ್ಕೆ ಮಾತ್ರ ಹೆಸರು ಸಿಕ್ಕಿತು. ಉಳಿದ ಹನ್ನೊಂದರಲ್ಲಿರುವವರು ಯಾರು ಅಂತ ಹೇಳೋರು ಇವತ್ತು ಯಾರೂ ಇಲ್ಲ. ಅವರನ್ನು ಅನಾಮಿಕರನ್ನಾಗಿ ಮಾಡಿದ್ದು ಗೆದ್ದಲಲ್ಲ, ನಾನು.

ಇದಾಗಿ ಹದಿನಾರು ವರ್ಷ. ಅವತ್ತಿನಿಂದ ನನ್ನ ಕೈಗೆ ಬಂದ ಯಾವ ಪಟವನ್ನೂ ನಾನು ಮೊದಲು ಮುಂದಿನಿಂದ ನೋಡುವುದಿಲ್ಲ. ಮಗುಚಿ ಬೆನ್ನು ನೋಡುತ್ತೇನೆ. ಹಳೇ ಫೋಟೋ, ಕಾಗದ ಕೂಡಿಸುವ ಆಸೆ ಇರುವವರಿಗೆ ನಾನು ಹೇಳಿಕೊಡುವ ಮೊದಲ ಪಾಠವೂ ಇದೇ.

ಬೆನ್ನಲ್ಲಿ ಏನಿರುತ್ತೆ ಅಂತ ಒಂದು ಉದಾಹರಣೆ ಹೇಳ್ತೀನಿ. ಕೆಲವು ವರ್ಷದ ಹಿಂದೆ ಒಂದು ದಂಪತಿಯ ಫೋಟೋ ಬಂತು. ಹೆಂಡತಿ ಕುರ್ಚಿಯಲ್ಲಿ ಕೂತಿದ್ದಾರೆ, ಗಂಡ ಪಕ್ಕದಲ್ಲಿ ನಿಂತಿದ್ದಾರೆ. ಹಿಂದೆ ಬಣ್ಣದಲ್ಲಿ ಬರೆದ ಪರದೆ. ಸೀರೆಯ ಅಂಚಿಗೆ, ಬಳೆಗೆ ಸ್ಟುಡಿಯೋದವರು ಕೈಯಿಂದ ಬಂಗಾರದ ಬಣ್ಣ ಹಚ್ಚಿದ್ದರು. ಎಲ್ಲೂ ತಾರೀಖಿಲ್ಲ. ಶುದ್ಧ ಬಟ್ಟೆ ಹಾಸಿ ಬೋರಲು ಮಲಗಿಸಿದೆ. ತುಕ್ಕು ಹಿಡಿದ ಸಣ್ಣ ಮೊಳೆಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ತೆಗೆದೆ. ಹಲಗೆ ಯಾವುದೋ ಪೆಟ್ಟಿಗೆಯದು. ಹಲಗೆ ಮತ್ತು ಫೋಟೋ ನಡುವೆ ಸಂದು ತುಂಬೋಕೆ ಅಂತ ಒಂದು ಕಾಗದ ಮಡಚಿ ಇಟ್ಟಿದ್ದರು. ಅದು ಲಗ್ನಪತ್ರಿಕೆ. ಮೇಲೆ ಅರಿಶಿನದ ಕಲೆ. ಶಕವರ್ಷ ಇದ್ದ ಜಾಗ ಮೊಳೆಯ ತುಕ್ಕಿಗೆ ಹೋಗಿತ್ತು. ಉಳಿದದ್ದು "ಈಶ್ವರ ನಾಮ ಸಂವತ್ಸರದ ವೈಶಾಖ" ಅಷ್ಟೇ.

ಅಷ್ಟು ಸಾಕಾಯಿತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತೆ. ಈಶ್ವರ ಅಂದರೆ 1877, 1937 ಅಥವಾ 1997. ಪತ್ರಿಕೆಯ ಕೊನೆಯಲ್ಲಿ "ತಿಪಟೂರಿನಿಂದ ಮೋಟಾರು ಸೌಕರ್ಯ ಉಂಟು" ಅಂತ ಅಚ್ಚಾಗಿತ್ತು. ಹಾಗಾಗಿ 1877 ಅಲ್ಲ. ಕಾಗದ, ಅಚ್ಚಿನ ಅಕ್ಷರ ನೋಡಿದರೆ 1997 ಅಂತೂ ಅಲ್ಲವೇ ಅಲ್ಲ. ಉಳಿದದ್ದು 1937. ಆದರೆ ಇಲ್ಲೂ ಆತುರ ಕೂಡದು. ಫೋಟೋ ತೆಗೆದದ್ದು 1937ರಲ್ಲಿ ಅಂತ ಇದರಿಂದ ಹೇಳೋಕಾಗಲ್ಲ. ಕಟ್ಟು ಹಾಕಿಸಿದ್ದು 1937ಕ್ಕಿಂತ ಮೊದಲಲ್ಲ ಅಂತ ಮಾತ್ರ ಹೇಳಬಹುದು. ಆ ಕಾಗದವನ್ನು ಕಸ ಅಂತ ಎಸೆದಿದ್ದರೆ ಇದೂ ಇಲ್ಲ.

ನಾಟಕದ ಹ್ಯಾಂಡ್‌ಬಿಲ್‌ಗಳೂ ಹೀಗೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿಂದ ಹಿಡಿದು ಎಷ್ಟೋ ಕಂಪನಿಗಳು ಊರೂರು ಸುತ್ತಿದವು. ಹ್ಯಾಂಡ್‌ಬಿಲ್ ಆ ವಾರಕ್ಕೆ ಅಂತ ಅಚ್ಚು ಹಾಕಿಸಿದ್ದು. ವರ್ಷ ಬರೆಯೋ ಅಗತ್ಯ ಯಾರಿಗಿತ್ತು? ತಾರೀಖು, ವಾರ ಇರುತ್ತೆ. ಆ ಎರಡನ್ನೂ ಹಳೇ ಪಂಚಾಂಗದ ಜೊತೆ ಹೊಂದಿಸಿ ನೋಡಬೇಕು. ಟಿಕೆಟ್ ದರ, ಅಚ್ಚುಕೂಟದ ಹೆಸರು ಇದ್ದರೆ ಇನ್ನೂ ಹತ್ತಿರ ಹೋಗಬಹುದು. ಅಚ್ಚುಕೂಟದ ಹೆಸರು ತೀರಾ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತೆ. ಅಂಚು ಚೆನ್ನಾಗಿ ಕಾಣಲಿ ಅಂತ ಕತ್ತರಿ ಹಾಕುವವರು ಮೊದಲು ಕಳೆಯೋದೇ ಅದನ್ನ.

ರವಿವರ್ಮನ ದೇವರ ಪಟಗಳಿಗೂ ಈ ಕತ್ತರಿಯ ಕಾಟ ಜಾಸ್ತಿ. ಅವರ ಪ್ರೆಸ್ 1894ರಲ್ಲಿ ಮುಂಬೈಯಲ್ಲಿ ಶುರುವಾಗಿ, ಕೆಲವೇ ವರ್ಷದಲ್ಲಿ ಲೋಣಾವಳಾ ಹತ್ತಿರಕ್ಕೆ ಹೋಯಿತು. ಪಟದ ಕೆಳ ಅಂಚಿನಲ್ಲಿ ಕಾರ್ಲಾ–ಲೋಣಾವಳಾ ಅಂತಿದ್ದರೆ ಅದು ಜಾಗ ಬದಲಿಸಿದ ಮೇಲಿನ ಅಚ್ಚು. ಎಷ್ಟೋ ಸಲ ಆ ಸಾಲು ಫ್ರೇಮಿನ ತುಟಿಯ ಕೆಳಗೆ ಅಡಗಿ ಕೂತಿರುತ್ತೆ. ಒಂದು ಭೂತಗನ್ನಡಿಯನ್ನೂ ಜೇಬಲ್ಲಿ ಇಟ್ಟುಕೊಳ್ಳಿ. ಆ ಹಳೇ ಪಟಗಳು ಕಲ್ಲಚ್ಚಿನವು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕಿದವು. ಅವುಗಳ ಬಣ್ಣ ಅಡ್ಡಾದಿಡ್ಡಿ ಚುಕ್ಕಿಯಾಗಿ ಕಾಣುತ್ತೆ. ಈಚಿನ ಆಫ್‌ಸೆಟ್ ನಕಲಿನಲ್ಲಿ ಚುಕ್ಕಿಗಳು ಸಾಲಾಗಿ, ರಂಗೋಲಿಗೆ ಇಟ್ಟ ಹಾಗೆ ಒಂದೇ ಅಳತೆಯಲ್ಲಿರುತ್ತವೆ. ಇನ್ನು ಲಕ್ಷ್ಮಿಯ ಸೀರೆಗೆ ಮನೆಯ ಹೆಂಗಸರು ಜರಿ, ಚಮಕಿ ಅಂಟಿಸಿದ್ದರೆ ದಯವಿಟ್ಟು ಕೀಳಬೇಡಿ. ಆ ಪಟದ ಮೇಲೆ ಆ ಮನೆಯವರ ಕೈ ಉಳಿದಿರೋದು ಅಲ್ಲೇ.

ತೊಗಲುಗೊಂಬೆ ವಿಷಯದಲ್ಲಿ ನನಗೆ ಹೊಟ್ಟೆ ಉರಿಯುತ್ತೆ. ಒಂದು ಮೇಳಕ್ಕೆ ಗೊಂಬೆಯ ಒಂದು ಇಡೀ ಕಟ್ಟೇ ಇರುತ್ತೆ. ರಾಮ, ರಾವಣ, ಹಾಸ್ಯದ ಕಿಳ್ಳೇಕ್ಯಾತ ಎಲ್ಲ ಒಂದೇ ಕೈಯ ಕೆಲಸ, ಒಂದೇ ಹದದ ಚರ್ಮ. ವ್ಯಾಪಾರದಲ್ಲಿ ಏನಾಗುತ್ತೆ? ಚೆಂದದ ರಾವಣ ಒಬ್ಬರ ಡ್ರಾಯಿಂಗ್ ರೂಮಿಗೆ, ಹನುಮಂತ ಇನ್ನೊಬ್ಬರ ಹೋಟೆಲಿಗೆ. ಸಣ್ಣ ಗೊಂಬೆಗಳನ್ನು ಕೇಳೋರಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಕಲಾವಿದ ಎಂ.ಎಸ್. ನಂಜುಂಡರಾಯರು ತೊಗಲುಗೊಂಬೆ ಕೂಡಿಸಿದರು. ಅಲ್ಲಿ ಹೋಗಿ ಹತ್ತಾರು ಗೊಂಬೆ ಒಟ್ಟಿಗೆ ನೋಡಿದರೆ ಗೊತ್ತಾಗುತ್ತೆ, ಒಂಟಿ ಗೊಂಬೆ ಎಷ್ಟು ಮೂಕ ಅಂತ. ಈಗ ಯಾರಾದರೂ ಗೊಂಬೆ ತಂದರೆ ಮೊದಲು ಕೇಳೋದು ಯಾವ ಊರಿನ ಮೇಳ, ಆಡಿಸ್ತಿದ್ದವರು ಯಾರು, ಜೊತೆಗಿನವು ಎಲ್ಲಿ. ಬೆಲೆ ಮಾತು ಆಮೇಲೆ.

ಆಲ್ಬಮ್ ಬಿಡಿಸುವ ಆಸೆಯೂ ಅಂಥದ್ದೇ. ಇಡೀ ಆಲ್ಬಮ್‌ಗಿಂತ ಬಿಡಿ ಫೋಟೋಗೆ ದುಡ್ಡು ಜಾಸ್ತಿ ಬರುತ್ತೆ, ಇದು ನಿಜ. ಕಾರಿನ ಫೋಟೋಗೆ, ಕುಸ್ತಿ ಪೈಲ್ವಾನರ ಫೋಟೋಗೆ ಗಿರಾಕಿ ಬೇಗ ಸಿಗ್ತಾರೆ. ಆದರೆ ಮದುವೆ, ನಾಮಕರಣ, ಹೊಸ ಮನೆ, ಆಮೇಲೆ ಒಂದು ಮುಖ ಇದ್ದಕ್ಕಿದ್ದ ಹಾಗೆ ಕಾಣಿಸದೇ ಹೋಗೋದು, ಈ ಕ್ರಮ ಪುಟಗಳ ಸಾಲಲ್ಲಿ ಮಾತ್ರ ಇರುತ್ತೆ. ಇದರ ಬಗ್ಗೆ ಯಜಮಾನರ ಜೊತೆ ಜಗಳವನ್ನೇ ಆಡಿದ್ದೇನೆ. ಎರಡು ವರ್ಷ ಹಿಡಿಯಿತು. ಈಗ ನಮ್ಮ ಅಂಗಡಿಯಲ್ಲಿ ಆಲ್ಬಮ್ ಬಿಡಿಸುವುದಿಲ್ಲ.

ಕೆಲಸದ ಮಾತು ಒಂದಿಷ್ಟು. ಬಿಚ್ಚುವ ಮೊದಲು ಮುಂದೆ, ಹಿಂದೆ ಎರಡೂ ಕಡೆ ಮೊಬೈಲಲ್ಲಿ ಫೋಟೋ ತೆಗೆಯಿರಿ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಹಾಗೇ ಬಿಡಿ. ಅಂಚಿನಲ್ಲಿ ಬೆಳ್ಳಿಯಂಥ ಹೊಳಪು ಕಂಡರೆ ಅದು ಫೋಟೋದೊಳಗಿನ ಬೆಳ್ಳಿಯೇ ಮೇಲಕ್ಕೆ ಬಂದದ್ದು, ಒರೆಸಿದರೆ ಚಿತ್ರ ಕೆಡುತ್ತೆ. ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ. ಬೆನ್ನಿಗೆ ಬರೆಯೋದಾದರೆ ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಖಂಡಿತ ಬೇಡ. ವಸ್ತುವಿನ ವಯಸ್ಸು ತಿಳಿಯೋದು ಸುಮ್ನೆ ಕುತೂಹಲಕ್ಕೂ ಅಲ್ಲ. ನೂರು ವರ್ಷ ದಾಟಿದ ಕಲಾವಸ್ತು, 75 ವರ್ಷ ದಾಟಿದ ಬೆಲೆಬಾಳುವ ಹಸ್ತಪ್ರತಿ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತವೆ. ಅವುಗಳ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು, ನಾವು ನೀವು ಹೊರದೇಶಕ್ಕೆ ಕಳಿಸುವ ಹಾಗೇ ಇಲ್ಲ.

ಈಚೆಗೆ ಹೊಸ ಹೋಟೆಲಿನವರು ತುಂಬಾ ಬರ್ತಾರೆ. ಅವರಿಗೆ ಬೇಕಿರೋದು ತೇಗದ ಫ್ರೇಮ್, ಒಳಗಿನ ಮುಖ ಬೇಡ. ಫ್ರೇಮ್ ಕೊಡ್ತೀನಿ. ಆದರೆ ಫೋಟೋ, ಹಲಗೆ, ನಡುವಿನ ಕಾಗದ ಮೂರನ್ನೂ ಒಂದೇ ಲಕೋಟೆಗೆ ಹಾಕಿ, ಒಂದೇ ನಂಬರ್ ಕೊಟ್ಟು ನಮ್ಮಲ್ಲೇ ಇಟ್ಟುಕೊಳ್ತೀನಿ. ಹಲಗೆ ಹಿಡಿಯೋಕೆ ಲಕೋಟೆಯನ್ನು ನಾನೇ ದಪ್ಪ ಕಾಗದದಲ್ಲಿ ಹೊಲಿಯುತ್ತೇನೆ.

ಹಾಸನದ ಆ ಹನ್ನೊಂದು ಫೋಟೋಗಳಲ್ಲಿ ಹತ್ತನ್ನು ಅವತ್ತು ಅಂಗಡಿಗೆ ಬಂದಿದ್ದ ಆ ಅಮ್ಮನಿಗೇ ಕೊಟ್ಟೆ. ಒಂದನ್ನು ಅವರು ನನ್ನ ಹತ್ತಿರವೇ ಬಿಟ್ಟುಹೋದರು. ಅಂಗಳದಲ್ಲಿ ಚಾಪೆ ಮೇಲೆ ಕೂತ ನಾಲ್ಕು ಹುಡುಗಿಯರು, ಕೊನೆಯವಳು ಅಲ್ಲಾಡಿದ್ದಕ್ಕೆ ಮುಖ ಮಸುಕಾಗಿದೆ. ಅದಕ್ಕೊಂದು ಹೊಸ ಹಲಗೆ ಮಾಡಿಸಿದೆ. ಅವರು ಅವತ್ತು ತಡೆದು ತಡೆದು ಹೇಳಿದ ಒಂದೇ ಮಾತನ್ನು ಅದರ ಮೇಲೆ ಪೆನ್ಸಿಲಲ್ಲಿ ಬರೆದಿದ್ದೇನೆ: "ಎಡದಿಂದ ಎರಡನೆಯವಳು ಅಜ್ಜಿಯ ತಂಗಿ ಇರಬಹುದು. ಮೂಗು ಹಾಗೇ ಇದೆ."